ಡ್ರೈವರ್ ಮಾಡ್ಯೂಲ್‌ನ ರೆಫರೆನ್ಸ್ ಕೌಂಟ್: ಆರ್‌ಎಂಮಾಡ್ ಹೊಡೆದಾಗ ಕರ್ನಲ್ ಬೀಳದ ಹಾಗೆ ಬರೆಯೋದು ಹೇಗೆ

ಒಂದು ಟರ್ಮಿನಲ್‌ನಲ್ಲಿ ಯಾವುದೋ ಪ್ರೋಗ್ರಾಮ್ ನಿಮ್ಮ ಡಿವೈಸ್ ಫೈಲನ್ನ ಓಪನ್ ಮಾಡಿ, ರೀಡ್ ಕರೆದು, ಡೇಟಾ ಬರ್ಲಿ ಅಂತ ಮಲಗಿದೆ ಅಂದ್ಕೊಳ್ಳಿ, ಇನ್ನೊಂದು ಟರ್ಮಿನಲ್‌ನಲ್ಲಿ ನೀವು ಆರ್‌ಎಂಮಾಡ್ ಹೊಡೀತೀರ, ಅಂದ್ರೆ ಮಾಡ್ಯೂಲನ್ನ (ಓಡ್ತಿರೋ ಕರ್ನಲ್‌ಗೆ ಬೇಕಾದಾಗ ಸೇರಿಸಿ ತೆಗೆಯೋ ಕೋಡ್) ತೆಗೆಯೋ ಕಮಾಂಡ್. ಆಗ ಮಾಡ್ಯೂಲ್ ಹೋಗೇ ಬಿಟ್ರೆ ಆ ರೀಡ್ ಫಂಕ್ಷನ್‌ನ ಕೋಡ್ ಇದ್ದ ಮೆಮೊರಿನೇ ಇರಲ್ಲ, ಮಲಗಿದ್ದ ಪ್ರೋಗ್ರಾಮ್ ಎದ್ದು ಮುಂದಿನ ಸಾಲು ಓಡಿಸೋಕೆ ಹೋದ್ರೆ ಅಲ್ಲಿ ಸಾಲೇ ಇಲ್ಲ. ಕರ್ನಲ್ ಲಾಗ್‌ನಲ್ಲಿ ಪೇಜ್ ಫಾಲ್ಟ್ ಅಂತ ಒಂದು ಊಪ್ಸ್ (ಕರ್ನಲ್ ತಪ್ಪಿನ ವರದಿ) ಬೀಳತ್ತೆ, ಮಾಡ್ಯೂಲ್‌ಗಳ ಪಟ್ಟಿಯ ಕೊನೇಲಿ "ಲಾಸ್ಟ್ ಅನ್‌ಲೋಡೆಡ್" ಅಂತ ನಿಮ್ಮ ಡ್ರೈವರ್ ಹೆಸರೇ ಕೂತಿರತ್ತೆ.

ಇದನ್ನ ತಡೆಯೋಕೆ ಲಿನಕ್ಸ್ ಕರ್ನಲ್ ಪ್ರತಿ ಮಾಡ್ಯೂಲ್‌ಗೂ ಒಂದು ಎಣಿಕೆ ಇಟ್ಕೊಂಡಿರತ್ತೆ, ಅದೇ ರೆಫರೆನ್ಸ್ ಕೌಂಟ್. ಯಾರಾದ್ರೂ ಬಳಸ್ತಿದ್ರೆ ಸೊನ್ನೆಗಿಂತ ಮೇಲೆ, ಯಾರೂ ಇಲ್ಲ ಅಂದ್ರೆ ಸೊನ್ನೆ, ಸೊನ್ನೆ ಆದಾಗ ಮಾತ್ರ ತೆಗೆಯೋಕೆ ಬಿಡತ್ತೆ. ಕೇಳೋಕೆ ಇಷ್ಟೇ. ಆದ್ರೆ ಎಲ್ಲರೂ ಎಡವೋ ಜಾಗ ಎರಡಿದೆ: ಈ ಎಣಿಕೆಯನ್ನ ಯಾರು ಮಾಡ್ಬೇಕು ಅನ್ನೋದು ಒಂದು, ಈ ಎಣಿಕೆ ಯಾವುದನ್ನ ಕಾಪಾಡತ್ತೆ ಯಾವುದನ್ನ ಕಾಪಾಡಲ್ಲ ಅನ್ನೋದು ಇನ್ನೊಂದು. ಈ ಎರಡು ತಲೇಲಿ ಕೂತ್ರೆ ಉಳಿದದ್ದು ತಾನಾಗೇ ಬರತ್ತೆ, ಹಾಗಾಗಿ ಹೆಚ್ಚು ಹೊತ್ತು ಅಲ್ಲೇ ನಿಲ್ತೀನಿ.

ಹಂತ 1: ಎಣಿಕೆ ಎಲ್ಲಿ ಕಾಣತ್ತೆ ನೋಡ್ಕೊಳ್ಳಿ

ಲೋಡ್ ಆಗಿರೋ ಮಾಡ್ಯೂಲ್‌ಗಳ ಪಟ್ಟಿ ಕೊಡೋ ಎಲ್ಎಸ್‌ಮಾಡ್ ಹೊಡೆದ್ರೆ ಮೂರನೇ ಕಾಲಮ್‌ನಲ್ಲಿ ಬರೋ ನಂಬರ್ ಇದೇ. ಅದರ ಪಕ್ಕದಲ್ಲಿ ಬೇರೆ ಮಾಡ್ಯೂಲ್‌ಗಳ ಹೆಸರಿದ್ರೆ ಅವು ನಿಮ್ಮ ಮಾಡ್ಯೂಲ್ ಎಕ್ಸ್‌ಪೋರ್ಟ್ ಮಾಡಿದ ಸಿಂಬಲ್ (ಬೇರೆಯವರಿಗೆ ತೆರೆದಿಟ್ಟ ಫಂಕ್ಷನ್ ಇಲ್ಲಾ ವೇರಿಯಬಲ್) ಬಳಸ್ತಿವೆ ಅಂತ ಅರ್ಥ, ಹಾಗೆ ಅವಲಂಬಿಸಿರೋ ಒಂದೊಂದು ಮಾಡ್ಯೂಲ್‌ಗೂ ಎಣಿಕೆ ಒಂದೊಂದು ಏರತ್ತೆ. ನಂಬರ್ 3 ಇದೆ, ಹೆಸರು ಒಂದೇ ಇದೆ ಅಂದ್ರೆ ಉಳಿದ ಎರಡು ಓಪನ್ ಆಗಿರೋ ಫೈಲ್, ಮೌಂಟ್ ಥರದ್ದು ಯಾವುದೋ ಹಿಡ್ಕೊಂಡಿರೋದು. ಇದೇ ಮಾಹಿತಿ /ಪ್ರೋಕ್/ಮಾಡ್ಯೂಲ್ಸ್‌ನಲ್ಲೂ ಇದೆ, /ಸಿಸ್/ಮಾಡ್ಯೂಲ್ ಕೆಳಗೆ ನಿಮ್ಮ ಮಾಡ್ಯೂಲ್ ಹೆಸರಿನ ಡೈರೆಕ್ಟರಿಯೊಳಗೆ ರೆಫ್‌ಸಿಎನ್‌ಟಿ ಅನ್ನೋ ಫೈಲ್‌ನಲ್ಲಿ ಬರೀ ನಂಬರ್ ಸಿಗತ್ತೆ, ಸ್ಕ್ರಿಪ್ಟ್ ಬರೆಯೋರಿಗೆ ಅದೇ ಸುಲಭ. ಅವಲಂಬಿಸಿರೋ ಮಾಡ್ಯೂಲ್‌ಗಳು ಪಕ್ಕದ ಹೋಲ್ಡರ್ಸ್ ಡೈರೆಕ್ಟರೀಲಿ ಕಾಣ್ತವೆ.

ಪಕ್ಕದಲ್ಲಿ "ಪರ್ಮನೆಂಟ್" ಅಂತ ಬಂದಿದ್ರೆ ಆ ಮಾಡ್ಯೂಲ್‌ಗೆ ಲೋಡ್ ಆದಾಗ ಓಡೋ ಇನಿಟ್ ಇದೆ, ತೆಗೆಯುವಾಗ ಓಡೋ ಎಕ್ಸಿಟ್ ಫಂಕ್ಷನ್ ಇಲ್ಲ, ಅದನ್ನ ತೆಗೆಯೋಕೆ ಬರಲ್ಲ. ಕರ್ನಲ್ ಕಾನ್ಫಿಗ್‌ನಲ್ಲಿ ಮಾಡ್ಯೂಲ್ ಅನ್‌ಲೋಡ್ ಆಯ್ಕೆಯನ್ನೇ ಆಫ್ ಮಾಡಿದ್ರೆ ಯಾವ ಮಾಡ್ಯೂಲನ್ನೂ ತೆಗೆಯೋಕಾಗಲ್ಲ, ಅದನ್ನ ಮೊದಲೇ ಚೆಕ್ ಮಾಡಿ.

ಹಂತ 2: ಎಣಿಕೆ ಹೊರಗಿನವರು ಮಾಡ್ಲಿ, ನೀವು ಮಾಡ್ಬೇಡಿ

ಕರ್ನಲ್ 2.2 ಕಾಲದಲ್ಲಿ ಡ್ರೈವರ್ ಬರೆಯೋರು ತಮ್ಮ ಓಪನ್ ಫಂಕ್ಷನ್ ಒಳಗೆ ಮಾಡ್_ಇಂಕ್_ಯೂಸ್_ಕೌಂಟ್ ಅಂತ ಒಂದು ಮ್ಯಾಕ್ರೋ ಬರೀತಿದ್ರು, ಫೈಲ್ ಮುಚ್ಚಿದಾಗ ಓಡೋ ರಿಲೀಸ್ ಒಳಗೆ ಮಾಡ್_ಡೆಕ್_ಯೂಸ್_ಕೌಂಟ್. ನೋಡೋಕೆ ಸರಿಯಾಗೇ ಕಾಣತ್ತೆ, ಬಂದಾಗ ಒಂದು ಏರಿಸು, ಹೋಗುವಾಗ ಒಂದು ಇಳಿಸು. ತೊಂದರೆ ಏನಂದ್ರೆ, ಕರ್ನಲ್ ನಿಮ್ಮ ಓಪನ್ ಫಂಕ್ಷನ್‌ಗೆ ಜಿಗಿಯೋಕೆ ನಿರ್ಧಾರ ಮಾಡಿದ ಕ್ಷಣಕ್ಕೂ, ಒಳಗೆ ಬಂದು ಆ ಏರಿಸೋ ಸಾಲು ಓಡೋ ಕ್ಷಣಕ್ಕೂ ನಡುವೆ ಒಂದು ಸಂದು ಇದೆ, ಆ ಸಂದಿನಲ್ಲಿ ಎಣಿಕೆ ಇನ್ನೂ ಸೊನ್ನೆನೇ, ಇನ್ನೊಂದು ಸಿಪಿಯುನಲ್ಲಿ ಯಾರೋ ಆರ್‌ಎಂಮಾಡ್ ಮಾಡಿದ್ರೆ ಕಥೆ ಮುಗೀತು. ಇಳಿಸೋ ಕಡೆನೂ ಅದೇ ಪಾಡು: ಎಣಿಕೆ ಸೊನ್ನೆ ಮಾಡಿದ ಮೇಲೂ ನಿಮ್ಮ ಫಂಕ್ಷನ್‌ನಲ್ಲಿ ಕೊನೆಯ ರಿಟರ್ನ್ ಓಡೋದು ಬಾಕಿ ಇರತ್ತೆ, ಆ ರಿಟರ್ನ್ ಇರೋದೂ ಅದೇ ಮಾಡ್ಯೂಲ್‌ನ ಮೆಮೊರೀಲೇ. ಕೂತ ಕೊಂಬೆಯನ್ನೇ ಕಡಿದ ಹಾಗೆ.

ಆದ್ದರಿಂದ ಉತ್ತರ ಒಂದೇ, ಮಾಡ್ಯೂಲ್ ಒಳಗೆ ಕಾಲಿಡೋಕೆ ಮುಂಚೆ ಹೊರಗೇ ಎಣಿಕೆ ಏರಬೇಕು, ಅಲ್ಲಿಂದ ಪೂರ್ತಿ ಹೊರಗೆ ಬಂದ ಮೇಲೆ ಹೊರಗೇ ಇಳೀಬೇಕು. ಅದಕ್ಕೆ 2.4ರಲ್ಲಿ ಫೈಲ್ ಆಪರೇಷನ್ಸ್ ಸ್ಟ್ರಕ್ಚರ್‌ಗೆ (ಓಪನ್, ರೀಡ್ ಥರದ ನಿಮ್ಮ ಫಂಕ್ಷನ್‌ಗಳ ಪಟ್ಟಿ) ಓನರ್ ಅನ್ನೋ ಫೀಲ್ಡ್ ಬಂತು, ಆಮೇಲೆ 2.5 ಸಾಲಿನಲ್ಲಿ ರಸ್ಟಿ ರಸೆಲ್ ಮಾಡ್ಯೂಲ್ ಲೋಡರನ್ನೇ ಹೊಸದಾಗಿ ಬರೆದಾಗ ಎಣಿಕೆ ಏರಿಸೋ ಟ್ರೈ_ಮಾಡ್ಯೂಲ್_ಗೆಟ್ ಮತ್ತು ಇಳಿಸೋ ಮಾಡ್ಯೂಲ್_ಪುಟ್ ಬಂದ್ವು, 2003ರ ಡಿಸೆಂಬರ್‌ನಲ್ಲಿ ಬಂದ 2.6ರಿಂದ ಇವೇ ದಾರಿ. ಹಳೇ ಮ್ಯಾಕ್ರೋಗಳು ಈಗಿಲ್ಲ, ಎಲ್ಲಾದ್ರೂ ಹಳೇ ಉದಾಹರಣೆಯಲ್ಲಿ ಸಿಕ್ಕಿದ್ರೆ ಅದನ್ನ ನೋಡಿ ಕಲಿಬೇಡಿ.

ನಿಮ್ಮ ಕೆಲಸ ಸಾಮಾನ್ಯವಾಗಿ ಒಂದೇ ಸಾಲು. ಫೈಲ್ ಆಪರೇಷನ್ಸ್ ಸ್ಟ್ರಕ್ಚರ್‌ನಲ್ಲಿ

.ಓನರ್ = ದಿಸ್_ಮಾಡ್ಯೂಲ್,

ಅಂತ ಬರೀಬೇಕು, ಅಷ್ಟೇ. ಯಾರಾದ್ರೂ ಓಪನ್ ಮಾಡಿದಾಗ ಕರ್ನಲ್‌ನ ಕೋರ್ ಕೋಡ್ ಈ ಓನರ್ ನೋಡಿ ಟ್ರೈ_ಮಾಡ್ಯೂಲ್_ಗೆಟ್ ಮಾಡತ್ತೆ, ಸಿಕ್ಕಿದ್ರೆ ಮಾತ್ರ ನಿಮ್ಮ ಓಪನ್ ಕರೆಯತ್ತೆ. ಕೊನೇಲಿ ನಿಮ್ಮ ರಿಲೀಸ್ ಮುಗಿದು ವಾಪಸ್ ಬಂದ ಮೇಲೆ ಕೋರ್ ತಾನೇ ಮಾಡ್ಯೂಲ್_ಪುಟ್ ಮಾಡತ್ತೆ, ಆಗ ನಿಮ್ಮ ಕೋಡ್‌ನ ಒಂದು ಸಾಲೂ ಬಾಕಿ ಇರಲ್ಲ. ಸಿಡೆವ್ (ಕ್ಯಾರೆಕ್ಟರ್ ಡಿವೈಸ್‌ನ ಸ್ಟ್ರಕ್ಚರ್) ಬಳಸೋದಾದ್ರೆ ಅದರಲ್ಲೂ ಬೇರೆ ಓನರ್ ಫೀಲ್ಡ್ ಇದೆ, ಸಿಡೆವ್_ಇನಿಟ್ ಅದನ್ನ ತುಂಬಲ್ಲ, ನೀವೇ ತುಂಬಬೇಕು.

ಡ್ರೈವರನ್ನ ಮಾಡ್ಯೂಲ್ ಆಗಿ ಅಲ್ಲದೆ ಕರ್ನಲ್ ಒಳಗೇ ಸೇರಿಸಿ ಬಿಲ್ಡ್ ಮಾಡಿದ್ರೆ ದಿಸ್_ಮಾಡ್ಯೂಲ್ ಅನ್ನೋದು ನಲ್ ಆಗತ್ತೆ, ನಲ್ ಕೊಟ್ರೆ ಟ್ರೈ_ಮಾಡ್ಯೂಲ್_ಗೆಟ್ ಸುಮ್ನೆ ಸರಿ ಅಂತ ಹೇಳತ್ತೆ, ಹಾಗಾಗಿ ಅದಕ್ಕೆ ಬೇರೆ ಕೋಡ್ ಬೇಡ. ಇದರ ಇನ್ನೊಂದು ಮುಖ ಗಮನಿಸಿ, ಓನರ್ ಬರೆಯೋದು ಮರೆತ್ರೂ ಅದು ನಲ್ಲೇ ಆಗಿರತ್ತೆ, ಕಂಪೈಲರ್ ಏನೂ ಹೇಳಲ್ಲ, ವಾರ್ನಿಂಗ್ ಬರಲ್ಲ, ಎಲ್ಲಾ ನಡೀತಾನೇ ಇರತ್ತೆ, ಒಂದಿನ ಯಾರೋ ಬಳಸ್ತಿರೋವಾಗ ಮಾಡ್ಯೂಲ್ ತೆಗೆಯೋವರೆಗೂ. ನಾನು ಒಂದ್ಸಲ ಇದೇ ಸಾಲು ಬಿಟ್ಟಿದ್ದ ಒಂದು ಡ್ರೈವರ್‌ನ ಊಪ್ಸ್ ಹಿಂದೆ ಎರಡು ದಿನ ಓಡಿದೀನಿ, ಲಾಕಿಂಗ್ ತಪ್ಪು ಅಂತ ಹುಡುಕಿ ಹುಡುಕಿ ಕೊನೆಗೆ ನೋಡಿದ್ರೆ ಫೈಲ್ ಓಪನ್ ಇದ್ರೂ ಎಲ್ಎಸ್‌ಮಾಡ್‌ನಲ್ಲಿ ಸೊನ್ನೆ ಇತ್ತು. ಅವತ್ತಿಂದ ಯಾವ ಡ್ರೈವರ್ ಕೈಗೆ ಬಂದ್ರೂ ನಾನು ಮೊದಲು ನೋಡೋದು ಆ ನಂಬರನ್ನ.

ಪ್ಲಾಟ್‌ಫಾರ್ಮ್, ಪಿಸಿಐ, ಯುಎಸ್‌ಬಿ ಡ್ರೈವರ್ ಸ್ಟ್ರಕ್ಚರ್‌ಗಳಲ್ಲಿ ಮಾತ್ರ ಓನರ್ ಕೈಯಾರೆ ಬರೆಯೋದು ಬೇಡ, ರಿಜಿಸ್ಟರ್ ಮಾಡೋ ಮ್ಯಾಕ್ರೋಗಳೇ ಅದನ್ನ ಕಳಿಸ್ತವೆ.

ಹಂತ 3: ಕೈಯಾರೆ ಮಾಡಿ ನೋಡಿ

ಓದಿ ಬಿಟ್ರೆ ಸಾಲದು. ಒಂದು ಚಿಕ್ಕ ಮಿಸ್ಕ್ ಡಿವೈಸ್ (ಸರಳ ಥರದ ಕ್ಯಾರೆಕ್ಟರ್ ಡಿವೈಸ್) ಬರೀರಿ, ಅದರಲ್ಲಿ ಒಂದು ಓಪನ್‌ಗೆ ಎಣಿಕೆ ಸರಿಯಾಗಿ ಒಂದೇ ಏರತ್ತೆ, ಅರ್ಥ ಮಾಡ್ಕೊಳ್ಳೋಕೆ ಸುಲಭ. ಸಿಡೆವ್ ದಾರೀಲಿ ಎರಡೂ ಓನರ್ ತುಂಬಿದ್ರೆ ಒಂದು ಓಪನ್‌ಗೆ ಎರಡು ಏರಬಹುದು, ಗಾಬರಿ ಬೇಡ, ಮುಚ್ಚಿದಾಗ ಎರಡೂ ಇಳಿಯತ್ತೆ.

ಈಗ ಶೆಲ್‌ನಲ್ಲಿ ಎಕ್ಸೆಕ್ ಬಳಸಿ ಡಿವೈಸ್ ಫೈಲನ್ನ ಡಿಸ್ಕ್ರಿಪ್ಟರ್ 3 ಆಗಿ ಓಪನ್ ಮಾಡಿ ಹಾಗೇ ಬಿಡಿ. ಎಲ್ಎಸ್‌ಮಾಡ್ ನೋಡಿ, 1 ಇರತ್ತೆ. ಆರ್‌ಎಂಮಾಡ್ ಹೊಡೀರಿ, ಮಾಡ್ಯೂಲ್ ಬಳಕೆಯಲ್ಲಿದೆ ಅಂತ ಎರರ್ ಬರತ್ತೆ. ಇನ್ನೊಂದು ಶೆಲ್‌ನಲ್ಲಿ ಮತ್ತೆ ಓಪನ್ ಮಾಡಿ, 2 ಆಗತ್ತೆ. ಆದ್ರೆ ಮೊದಲನೇ ಶೆಲ್‌ನಲ್ಲೇ ಆ ಡಿಸ್ಕ್ರಿಪ್ಟರನ್ನ ಡೂಪ್ ಮಾಡಿ ಇಲ್ಲಾ ಫೋರ್ಕ್ ಮಾಡಿ, ನಂಬರ್ ಏರಲ್ಲ, ಯಾಕಂದ್ರೆ ಅಲ್ಲಿ ಏರೋದು ಫೈಲ್‌ನ ಎಣಿಕೆ, ಮಾಡ್ಯೂಲ್‌ದಲ್ಲ. ಓಪನ್ ಆದ ಒಂದು ಫೈಲ್ ಸ್ಟ್ರಕ್ಚರ್ ಒಂದು ರೆಫರೆನ್ಸ್ ಹಿಡ್ಕೊಂಡಿರತ್ತೆ, ಆ ಸ್ಟ್ರಕ್ಚರನ್ನ ಎಷ್ಟು ಜನ ಹಂಚ್ಕೊಂಡ್ರೂ ಕೊನೆಯವನು ಬಿಟ್ಟಾಗಲೇ ರಿಲೀಸ್ ಕರೆಯೋದು.

ಎಮ್‌ಮ್ಯಾಪ್ (ಡಿವೈಸ್ ಫೈಲನ್ನ ಪ್ರೋಗ್ರಾಮ್‌ನ ಮೆಮೊರಿಗೆ ಜೋಡಿಸೋದು) ಇರೋ ಡ್ರೈವರ್ ಆದ್ರೆ ಇನ್ನೊಂದು ಪ್ರಯೋಗ ಮಾಡಿ, ಮ್ಯಾಪ್ ಮಾಡಿದ ಮೇಲೆ ಡಿಸ್ಕ್ರಿಪ್ಟರ್ ಕ್ಲೋಸ್ ಮಾಡಿಬಿಡಿ. ಎಣಿಕೆ ಇಳಿಯಲ್ಲ! ಮ್ಯಾಪಿಂಗ್ ತಾನೇ ಆ ಫೈಲನ್ನ ಹಿಡ್ಕೊಂಡಿರತ್ತೆ. "ಎಲ್ಲಾ ಕ್ಲೋಸ್ ಮಾಡಿದೀನಿ ಆದ್ರೂ ಮಾಡ್ಯೂಲ್ ಹೋಗ್ತಿಲ್ಲ" ಅನ್ನೋ ದೂರು ಬಂದ್ರೆ ಇದನ್ನೂ ಒಂದ್ಸಲ ನೋಡಿ.

ಹಂತ 4: ನೀವೇ ಟ್ರೈ_ಮಾಡ್ಯೂಲ್_ಗೆಟ್ ಕರೆಯಬೇಕಾದ ಸಂದರ್ಭ

ಇದು ಬರೋದು ನೀವು ಡ್ರೈವರ್ ಬರೆಯುವಾಗ ಅಲ್ಲ, ಬೇರೆ ಡ್ರೈವರ್‌ಗಳು ಬಂದು ರಿಜಿಸ್ಟರ್ ಆಗೋ ಕೋರ್ ಬರೆಯುವಾಗ. ಅಂದ್ರೆ ಬೇರೆ ಮಾಡ್ಯೂಲ್‌ಗಳು ಫಂಕ್ಷನ್ ಪಾಯಿಂಟರ್‌ಗಳಿರೋ ಒಂದು ಆಪ್ಸ್ ಸ್ಟ್ರಕ್ಚರ್ ನಿಮ್ಮ ಕೈಗೆ ಕೊಡ್ತವೆ, ನೀವು ಆಮೇಲೆ ಯಾವಾಗ್ಲೋ ಅದನ್ನ ಕರೀತೀರ. ಆಗ ನೀವೇ "ಹೊರಗಿನವರು", ಎಣಿಸೋ ಜವಾಬ್ದಾರಿ ನಿಮ್ಮದು.

ಆಪ್ಸ್ ಸ್ಟ್ರಕ್ಚರ್‌ನಲ್ಲಿ ಓನರ್ ಫೀಲ್ಡ್ ಇಡಿ. ರಿಜಿಸ್ಟರ್ ಫಂಕ್ಷನನ್ನ ನೇರ ಕೊಡ್ಬೇಡಿ, ಹೆಡರ್‌ನಲ್ಲಿ ಒಂದು ಮ್ಯಾಕ್ರೋ ಮಾಡಿ ಅದು ದಿಸ್_ಮಾಡ್ಯೂಲನ್ನ ಸೇರಿಸಿ ಒಳಗಿನ ಫಂಕ್ಷನ್‌ಗೆ ಕಳಿಸ್ಲಿ. ಮ್ಯಾಕ್ರೋನೇ ಯಾಕೆ ಅಂದ್ರೆ ದಿಸ್_ಮಾಡ್ಯೂಲ್ ಅನ್ನೋದು ಎಲ್ಲಿ ಕಂಪೈಲ್ ಆಗತ್ತೋ ಆ ಮಾಡ್ಯೂಲನ್ನ ತೋರಿಸತ್ತೆ, ನಿಮ್ಮ ಕೋರ್‌ನ ಫಂಕ್ಷನ್ ಒಳಗೆ ಬರೆದ್ರೆ ಅದು ಕೋರನ್ನೇ ಎಣಿಸ್ತಾ ಕೂರತ್ತೆ, ಡ್ರೈವರ್ ಮಾತ್ರ ಬರಿಗೈಲಿ ನಿಂತಿರತ್ತೆ.

ಕರೆಯೋವಾಗ ಕ್ರಮ ಹೀಗಿರಲಿ: ರಿಜಿಸ್ಟರ್ ಆದವರ ಪಟ್ಟಿಯ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಹಿಡಿಯೋ ಬೀಗ) ಹಿಡೀರಿ, ಬೇಕಾದ ಆಪ್ಸ್ ಹುಡುಕಿ, ಮ್ಯೂಟೆಕ್ಸ್ ಹಿಡಿದಿರುವಾಗಲೇ ಟ್ರೈ_ಮಾಡ್ಯೂಲ್_ಗೆಟ್ ಮಾಡಿ, ಸಿಗಲಿಲ್ಲ ಅಂದ್ರೆ ಡಿವೈಸ್ ಇಲ್ಲ ಅನ್ನೋ ಎರರ್ ಕೊಟ್ಟು ಹೊರಡಿ, ಸಿಕ್ಕಿದ್ರೆ ಮ್ಯೂಟೆಕ್ಸ್ ಬಿಟ್ಟು ಫಂಕ್ಷನ್ ಕರೀರಿ, ಅದು ವಾಪಸ್ ಬಂದ ಮೇಲೆ ಮಾಡ್ಯೂಲ್_ಪುಟ್. ಮ್ಯೂಟೆಕ್ಸ್ ಒಳಗೇ ಮಾಡ್ಬೇಕು ಅನ್ನೋದು ಬರೀ ಶಿಸ್ತಿಗೆ ಹೇಳಿದ್ದಲ್ಲ. ಟ್ರೈ_ಮಾಡ್ಯೂಲ್_ಗೆಟ್ ಕೆಲಸ ಮಾಡೋದು ಆ ಮಾಡ್ಯೂಲ್‌ನ ಸ್ಟ್ರಕ್ಚರ್ ಇನ್ನೂ ಮೆಮೊರೀಲಿ ಇದ್ರೆ ಮಾತ್ರ, ಆಗಲೇ ಫ್ರೀ ಆಗಿದ್ರೆ ನೀವು ಸತ್ತ ಮೆಮೊರಿಯನ್ನ ಕೇಳ್ತಿರೋದು. ಡ್ರೈವರ್‌ನ ಎಕ್ಸಿಟ್ ಫಂಕ್ಷನ್ ನಿಮ್ಮ ಅನ್‌ರಿಜಿಸ್ಟರ್ ಕರೀತದೆ, ಅದಕ್ಕೂ ಅದೇ ಮ್ಯೂಟೆಕ್ಸ್ ಬೇಕು, ಹಾಗಾಗಿ ನೀವು ಮ್ಯೂಟೆಕ್ಸ್ ಹಿಡಿದು ಪಟ್ಟೀಲಿ ಅದನ್ನ ನೋಡ್ತಿದೀರ ಅಂದ್ರೆ ಎಕ್ಸಿಟ್ ಇನ್ನೂ ಮುಗಿದಿಲ್ಲ, ಸ್ಟ್ರಕ್ಚರ್ ಇದೆ. ಮಿಸ್ಕ್ ಡಿವೈಸ್‌ನ ಕೋರ್ ಕೂಡ ಹೀಗೇ ಮಾಡೋದು, ಅದರ ಓಪನ್ ಮತ್ತು ಡೀರಿಜಿಸ್ಟರ್ ಎರಡೂ ಒಂದೇ ಮ್ಯೂಟೆಕ್ಸ್ ಹಿಡೀತವೆ, ಆ ಕೋಡ್ ಚಿಕ್ಕದಿದೆ, ಒಮ್ಮೆ ತೆರೆದು ಓದಿ.

ಟ್ರೈ ಅಂತ ಹೆಸರಿರೋದು ಯಾಕೆ ಅಂತನೂ ತಿಳ್ಕೊಳ್ಳಿ. ಆರ್‌ಎಂಮಾಡ್ ಶುರುವಾಗಿ ಎಣಿಕೆ ಸೊನ್ನೆ ಅಂತ ಖಾತ್ರಿಯಾದ ಕೂಡಲೇ ಮಾಡ್ಯೂಲ್ "ಹೋಗ್ತಿದೆ" ಅನ್ನೋ ಸ್ಥಿತಿಗೆ ಬರತ್ತೆ, ಅಲ್ಲಿಂದ ಮುಂದೆ ಯಾರೇ ಕೇಳಿದ್ರೂ ಇಲ್ಲ ಅನ್ನತ್ತೆ. ರಿಟರ್ನ್ ವ್ಯಾಲ್ಯೂ ನೋಡದೆ ಮುಂದೆ ಹೋದ್ರೆ ಎಣಿಸಿಯೂ ಪ್ರಯೋಜನ ಇಲ್ಲ. ಆಗಲೇ ಕೈಲೊಂದು ರೆಫರೆನ್ಸ್ ಇದೆ, ಇನ್ನೊಂದು ಬೇಕು ಅನ್ನೋ ಜಾಗದಲ್ಲಿ ಮಾತ್ರ ಎರಡು ಅಂಡರ್‌ಸ್ಕೋರ್ ಇರೋ __ಮಾಡ್ಯೂಲ್_ಗೆಟ್ ಬಳಸಬಹುದು, ಅದು ಸೋಲಲ್ಲ.

ಇನ್ನು ನಿಮ್ಮದೇ ಡ್ರೈವರ್ ಒಳಗೆ ಟ್ರೈ_ಮಾಡ್ಯೂಲ್_ಗೆಟ್(ದಿಸ್_ಮಾಡ್ಯೂಲ್) ಅಂತ ಬರೆದಿದೀರ? ಹಾಗಾದ್ರೆ ಬಹುಪಾಲು ತಪ್ಪು ಮಾಡಿದೀರ ಅಂತಲೇ ಲೆಕ್ಕ. ಅದು ಹಳೇ ಮ್ಯಾಕ್ರೋನೇ ಹೊಸ ಅಂಗಿ ಹಾಕ್ಕೊಂಡು ಬಂದ ಹಾಗೆ, ಅದೇ ಸಂದು ಅಲ್ಲೇ ಇದೆ. ಇನಿಟ್ ಒಳಗೆ ಹಾಗೆ ಬರೆದು ಪುಟ್ ಅನ್ನ ಎಕ್ಸಿಟ್‌ನಲ್ಲಿ ಇಟ್ರಂತೂ ಎಣಿಕೆ ಯಾವತ್ತೂ ಸೊನ್ನೆ ಆಗಲ್ಲ, ಸೊನ್ನೆ ಆಗದೆ ಎಕ್ಸಿಟ್ ಓಡಲ್ಲ, ರೀಬೂಟ್ ಒಂದೇ ದಾರಿ.

ಹಂತ 5: ಈ ಎಣಿಕೆ ಕೋಡನ್ನ ಕಾಯತ್ತೆ, ಡಿವೈಸನ್ನಲ್ಲ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಹೆಚ್ಚು ಬಗ್ ಬರೋದು ಇಲ್ಲಿಂದ. ಮಾಡ್ಯೂಲ್ ಎಣಿಕೆ 1 ಇದೆ ಅಂದ್ರೆ ಮಾಡ್ಯೂಲ್‌ನ ಕೋಡ್ ಮತ್ತು ಅದರ ಗ್ಲೋಬಲ್ ಡೇಟಾ ಮೆಮೊರೀಲಿ ಇರತ್ತೆ ಅಂತ ಮಾತ್ರ ಭರವಸೆ. ಡಿವೈಸ್ ಇರತ್ತೆ ಅಂತಲ್ಲ, ನೀವು ಪ್ರೋಬ್‌ನಲ್ಲಿ (ಡಿವೈಸ್ ಸಿಕ್ಕಾಗ ಓಡೋ ಫಂಕ್ಷನ್) ಅಲೊಕೇಟ್ ಮಾಡಿದ ಪ್ರೈವೇಟ್ ಡೇಟಾ ಇರತ್ತೆ ಅಂತಲೂ ಅಲ್ಲ.

ಯುಎಸ್‌ಬಿ ಡಿವೈಸ್ ಓಪನ್ ಇರುವಾಗಲೇ ಬಳಕೆದಾರ ಕಿತ್ತುಬಿಟ್ರೆ? ಡಿಸ್ಕನೆಕ್ಟ್ ಓಡತ್ತೆ, ಎಣಿಕೆ ಎಷ್ಟಿದ್ರೂ ಓಡತ್ತೆ. ಸಿಸ್‌ಎಫ್‌ಎಸ್‌ನಲ್ಲಿ (/ಸಿಸ್) ಡಿವೈಸನ್ನ ಡ್ರೈವರ್‌ನಿಂದ ಬಿಡಿಸೋ ಅನ್‌ಬೈಂಡ್ ಫೈಲ್‌ಗೆ ಡಿವೈಸ್ ಹೆಸರು ಬರೆದ್ರೂ ಪ್ರೋಬ್‌ನ ಉಲ್ಟಾ ಆದ ರಿಮೂವ್ ಓಡತ್ತೆ, ಅದಕ್ಕೂ ಮಾಡ್ಯೂಲ್ ಎಣಿಕೆಗೂ ಸಂಬಂಧ ಇಲ್ಲ. ಆ ರಿಮೂವ್‌ನಲ್ಲಿ ನೀವು ಪ್ರೈವೇಟ್ ಸ್ಟ್ರಕ್ಚರನ್ನ ಫ್ರೀ ಮಾಡಿದ್ರೆ, ಇನ್ನೂ ಫೈಲ್ ಹಿಡ್ಕೊಂಡಿರೋ ಪ್ರೋಗ್ರಾಮ್ ಮುಂದಿನ ರೀಡ್‌ನಲ್ಲಿ ಫ್ರೀ ಆದ ಮೆಮೊರಿ ಮುಟ್ಟತ್ತೆ. ಮೆಮೊರಿ ಅಲೊಕೇಟ್ ಮಾಡೋಕೆ ಡೆವ್‌ಎಂ_ಕೆಝಡ್‌ಅಲ್ಲಾಕ್ ಬಳಸಿದವರು ಇದರಲ್ಲಿ ಸುಲಭವಾಗಿ ಸಿಕ್ಕಿಹಾಕ್ಕೋತಾರೆ, ಅದು ತಾನೇ ಫ್ರೀ ಮಾಡತ್ತೆ ಅನ್ನೋದು ಅನುಕೂಲನೇ, ಆದ್ರೆ ಡ್ರೈವರ್ ಅನ್‌ಬೈಂಡ್ ಆದಾಗ ಫ್ರೀ ಮಾಡತ್ತೆ, ಕೊನೆಯ ಫೈಲ್ ಮುಚ್ಚಿದಾಗ ಅಲ್ಲ.

ಹಾಗಾಗಿ ಎರಡನೇ ಎಣಿಕೆ ಬೇಕು, ಪ್ರತಿ ಡಿವೈಸ್‌ನ ಡೇಟಾಗೆ ಒಂದು ಕೆರೆಫ್ (ಸೊನ್ನೆ ಆದಾಗ ಮಾತ್ರ ಫ್ರೀ ಮಾಡಿಸೋ ಕರ್ನಲ್‌ನ ಸಿದ್ಧ ಎಣಿಕೆ). ಪ್ರೋಬ್‌ನಲ್ಲಿ ಸಾಮಾನ್ಯ ಅಲೊಕೇಶನ್ ಮಾಡಿ ಕೆರೆಫ್ ಇನಿಟ್ ಮಾಡಿ, ಪ್ರತಿ ಓಪನ್‌ಗೆ ಒಂದು ಗೆಟ್, ಪ್ರತಿ ರಿಲೀಸ್‌ಗೆ ಒಂದು ಪುಟ್, ರಿಮೂವ್‌ನಲ್ಲಿ ಪ್ರೋಬ್‌ನದ್ದೊಂದು ಪುಟ್. ಹುಡುಕೋದು ಮತ್ತು ಕೆರೆಫ್ ಏರಿಸೋದು ಒಂದೇ ಲಾಕ್ ಒಳಗೆ ಆಗ್ಬೇಕು, ಇಲ್ಲೂ ಅದೇ ಸಂದಿನ ಕಥೆ. ಜೊತೆಗೆ ಸ್ಟ್ರಕ್ಚರ್‌ನಲ್ಲಿ "ಹೋಯ್ತು" ಅನ್ನೋ ಒಂದು ಫ್ಲಾಗ್ ಮತ್ತು ಮ್ಯೂಟೆಕ್ಸ್ ಇರ್ಲಿ, ರಿಮೂವ್ ಮ್ಯೂಟೆಕ್ಸ್ ಹಿಡಿದು ಫ್ಲಾಗ್ ಹಾಕಿ ಮಲಗಿರೋರನ್ನೆಲ್ಲ ಎಬ್ಬಿಸ್ಲಿ, ರೀಡ್ ರೈಟ್ ಐಆಕ್ಟಲ್ ಎಲ್ಲಾ ಮ್ಯೂಟೆಕ್ಸ್ ಹಿಡಿದು ಮೊದಲು ಫ್ಲಾಗ್ ನೋಡಿ, ಹಾಕಿದ್ರೆ ಎರರ್ ಕೊಟ್ಟು ಹೊರಡಲಿ. ಮ್ಯೂಟೆಕ್ಸ್ ಹಿಡಿದವರು ಡೇಟಾ ಬರ್ಲಿ ಅಂತ ಮಲಗೋ ಮುಂಚೆ ಅದನ್ನ ಬಿಡಬೇಕು ಅನ್ನೋದನ್ನ ಮರೀಬೇಡಿ, ಇಲ್ಲಾಂದ್ರೆ ರಿಮೂವ್ ಅಲ್ಲೇ ಸಿಕ್ಕಿಕೊಳ್ಳತ್ತೆ.

ಓಪನ್ ಎರರ್ ಕೊಟ್ಟು ವಾಪಸ್ ಬಂದ್ರೆ ರಿಲೀಸ್ ಕರೆಯಲ್ಲ. ಮಾಡ್ಯೂಲ್ ಎಣಿಕೆಯನ್ನ ಕೋರ್ ತಾನೇ ಇಳಿಸತ್ತೆ, ಆದ್ರೆ ನೀವು ಏರಿಸಿದ ಕೆರೆಫ್ ನೀವೇ ಇಳಿಸ್ಬೇಕು, ಎರರ್ ದಾರಿಗಳಲ್ಲಿ ಸೋರೋದು ಹೆಚ್ಚಾಗಿ ಇಲ್ಲೇ.

ಇದೇ ಮಾತಿನ ಉಲ್ಟಾ ಉದಾಹರಣೆ ನೆಟ್‌ವರ್ಕ್ ಡ್ರೈವರ್. ಇಂಟರ್‌ಫೇಸ್ ಅಪ್ ಇದ್ರೂ ಮಾಡ್ಯೂಲ್ ಎಣಿಕೆ ಸೊನ್ನೆನೇ ಇರತ್ತೆ, ಆರ್‌ಎಂಮಾಡ್ ಮಾಡಿದ್ರೆ ಹೋಗತ್ತೆ, ಯಾಕಂದ್ರೆ ಅಲ್ಲಿ ಅನ್‌ರಿಜಿಸ್ಟರ್ ಮಾಡೋ ಫಂಕ್ಷನ್ ಆ ಡಿವೈಸ್‌ನ ಎಲ್ಲಾ ರೆಫರೆನ್ಸ್ ಬಿಡೋವರೆಗೂ ಕಾಯತ್ತೆ. ಪ್ರೋಕ್ ಫೈಲ್‌ಗಳೂ ಹಾಗೇ, 5.6ರಲ್ಲಿ ಬಂದ ಪ್ರೋಕ್_ಆಪ್ಸ್‌ನಲ್ಲಿ ಓನರ್ ಫೀಲ್ಡೇ ಇಲ್ಲ, ಒಳಗಿರೋ ಕರೆಗಳು ಮುಗಿಯೋವರೆಗೂ ತೆಗೆಯೋ ಫಂಕ್ಷನ್ ಕಾಯತ್ತೆ. ಅಂದ್ರೆ ಎಣಿಸಿ ತಡೆಯೋದು ಒಂದು ದಾರಿ, ಹೋಗೋವಾಗ ಕಾಯೋದು ಇನ್ನೊಂದು, ನೀವು ಸೇರ್ತಿರೋ ಸಬ್‌ಸಿಸ್ಟಮ್ ಯಾವ ದಾರಿ ಹಿಡಿದಿದೆ ಅಂತ ಮೊದಲು ತಿಳ್ಕೊಳ್ಳಿ.

ಹಂತ 6: ಎಕ್ಸಿಟ್ ಬರೆಯೋ ಕ್ರಮ

ಟೈಮರ್, ವರ್ಕ್‌ಕ್ಯೂ, ಇಂಟರಪ್ಟ್, ಥ್ರೆಡ್ ಇವ್ಯಾವೂ ಮಾಡ್ಯೂಲ್ ಎಣಿಕೆ ಏರಿಸಲ್ಲ. ಇವಕ್ಕೆ ಎಕ್ಸಿಟ್‌ನಲ್ಲಿ ಕಾಯೋದೇ ದಾರಿ. ಮೊದಲು ಬಾಗಿಲು ಮುಚ್ಚಿ, ಅಂದ್ರೆ ಡೀರಿಜಿಸ್ಟರ್ ಮಾಡಿ ಹೊಸಬರು ಬರದ ಹಾಗೆ, ಆಮೇಲೆ ಒಳಗಿರೋರನ್ನ ಕಳಿಸಿ: ಫ್ರೀ_ಐಆರ್‌ಕ್ಯೂ, ಟೈಮರ್‌ಗೆ ಸಿಂಕ್ ಇರೋ ಡಿಲೀಟ್, ಕ್ಯಾನ್ಸಲ್_ವರ್ಕ್_ಸಿಂಕ್, ಕೆಥ್ರೆಡ್_ಸ್ಟಾಪ್. ಓದುಗರು ಮುಗಿದ ಮೇಲೆ ಕಾಲ್‌ಬ್ಯಾಕ್ ಓಡಿಸೋ ಕಾಲ್_ಆರ್‌ಸಿಯು ಬಳಸಿದ್ರೆ ಆರ್‌ಸಿಯು_ಬ್ಯಾರಿಯರ್ ಕಡ್ಡಾಯ, ಸಿಂಕ್ರೊನೈಝ್_ಆರ್‌ಸಿಯು ಸಾಲಲ್ಲ, ಯಾಕಂದ್ರೆ ಅದು ಓದುಗರು ಮುಗಿಯೋದನ್ನ ಕಾಯತ್ತೆ, ಸರದಿಯಲ್ಲಿರೋ ನಿಮ್ಮ ಕಾಲ್‌ಬ್ಯಾಕ್ ಓಡಿ ಮುಗಿಯೋದನ್ನ ಕಾಯಲ್ಲ. ಥ್ರೆಡ್ ತಾನಾಗೇ ಮುಗಿಯೋ ಥರದ್ದಾಗಿದ್ದು ರೆಫರೆನ್ಸ್ ಹಿಡಿದಿದ್ರೆ ಮಾಡ್ಯೂಲ್_ಪುಟ್_ಅಂಡ್_ಕೆಥ್ರೆಡ್_ಎಕ್ಸಿಟ್ ಅನ್ನೋದೇ ಇದೆ, ಪುಟ್ ಆದ ಮೇಲೆ ಅದು ನಿಮ್ಮ ಕೋಡ್‌ಗೆ ವಾಪಸ್ ಬರಲ್ಲ.

ಇನಿಟ್‌ನಲ್ಲಿ ಇದರ ತಲೆಕೆಳಗು, ರಿಜಿಸ್ಟರ್ ಮಾಡೋದು ಕಟ್ಟಕಡೆಗೆ. ಇನಿಟ್ ಇನ್ನೂ ಓಡ್ತಿರುವಾಗಲೂ ಟ್ರೈ_ಮಾಡ್ಯೂಲ್_ಗೆಟ್ ಗೆಲ್ಲತ್ತೆ, ಅಂದ್ರೆ ರಿಜಿಸ್ಟರ್ ಆದ ಮರುಕ್ಷಣ ಯಾರಾದ್ರೂ ಒಳಗೆ ಬರಬಹುದು, ಆಗ ಅರ್ಧ ತಯಾರಾದ ಡ್ರೈವರ್ ಅವರ ಕೈಗೆ ಸಿಗಬಾರದು.

ಹಂತ 7: ಎಣಿಕೆ ಇಳೀತಿಲ್ಲ ಅಂದ್ರೆ ಹುಡುಕೋದು

ಮೊದಲು ಫ್ಯೂಸರ್ ಇಲ್ಲಾ ಎಲ್‌ಎಸ್‌ಓಎಫ್ ಬಳಸಿ ಡಿವೈಸ್ ಫೈಲ್ ಯಾರು ಹಿಡಿದಿದಾರೆ ನೋಡಿ, ಆಮೇಲೆ ಹೋಲ್ಡರ್ಸ್. ಪ್ರೋಸೆಸ್ ಡಿ ಸ್ಥಿತಿಯಲ್ಲಿ (ಸಿಗ್ನಲ್‌ಗೂ ಏಳದ ನಿದ್ದೆ) ಸಿಕ್ಕಿಕೊಂಡಿದ್ರೆ ಕಿಲ್ ಮಾಡಿದ್ರೂ ಬಿಡಲ್ಲ, ಅಲ್ಲಿ ತಪ್ಪು ಎಣಿಕೆದಲ್ಲ, ನಿಮ್ಮ ಡ್ರೈವರ್ ಯಾವುದಕ್ಕೋ ಕಾಯ್ತಿರೋದು. ಯಾರೂ ಸಿಗ್ಲಿಲ್ಲ ಅಂದ್ರೆ ಟ್ರೇಸ್‌ಪಾಯಿಂಟ್ ಹಾಕಿ: /ಸಿಸ್/ಕರ್ನಲ್/ಟ್ರೇಸಿಂಗ್ ಕೆಳಗೆ ಈವೆಂಟ್ಸ್/ಮಾಡ್ಯೂಲ್ ಒಳಗೆ ಮಾಡ್ಯೂಲ್_ಗೆಟ್ ಮತ್ತು ಮಾಡ್ಯೂಲ್_ಪುಟ್ ಅನ್ನೋ ಎರಡು ಈವೆಂಟ್ ಇವೆ, ಎರಡನ್ನೂ ಎನೇಬಲ್ ಮಾಡಿ ನಿಮ್ಮ ಕೆಲಸ ಮತ್ತೆ ಓಡಿಸಿ. ಪ್ರತಿ ಸಾಲಲ್ಲೂ ಮಾಡ್ಯೂಲ್ ಹೆಸರು, ಯಾವ ಫಂಕ್ಷನ್‌ನಿಂದ ಕರೆದ್ರು, ಎಣಿಕೆ ಎಷ್ಟು ಅಂತ ಬರತ್ತೆ, ಗೆಟ್‌ಗೆ ಜೋಡಿ ಪುಟ್ ಇಲ್ಲದ ಫಂಕ್ಷನ್ ಹುಡುಕಿದ್ರೆ ಸೋರೋ ಜಾಗ ಕೈಗೆ ಸಿಕ್ತು. ಇಲ್ಲಿ ಕಾಣೋ ನಂಬರ್ ಎಲ್ಎಸ್‌ಮಾಡ್‌ಗಿಂತ ಒಂದು ಜಾಸ್ತಿ ಇರತ್ತೆ, ಕರ್ನಲ್ ಒಳಗೆ ತನ್ನದೇ ಒಂದು ಮೂಲ ಎಣಿಕೆ ಸೇರಿಸಿ ಇಟ್ಕೊಂಡಿರತ್ತೆ ಅದಕ್ಕೆ.

ಆರ್‌ಎಂಮಾಡ್‌ಗೆ ಫೋರ್ಸ್ ಆಯ್ಕೆ ಇದೆಯಲ್ಲ ಅಂತ ಕೇಳ್ತಾರೆ. ಇದೆ, ಕರ್ನಲ್ ಕಾನ್ಫಿಗ್‌ನಲ್ಲಿ ಅದನ್ನ ಆನ್ ಮಾಡಿದ್ರೆ ನಡೆಯತ್ತೆ, ಕರ್ನಲ್ ಟೇಂಟ್ ಆಗತ್ತೆ, ಅಂದ್ರೆ ಇನ್ನು ನಂಬೋಕಾಗಲ್ಲ ಅನ್ನೋ ಗುರುತು ಬೀಳತ್ತೆ. ನಾನು ಬಳಸಲ್ಲ, ಬಳಸಿ ಅಂತಲೂ ಹೇಳಲ್ಲ, ಎಣಿಕೆ ನಿಜವಾಗಿದ್ರೆ ಮೊದಲ ಪ್ಯಾರಾದ ಊಪ್ಸ್ ನೀವೇ ಕರೆದು ತಂದ ಹಾಗೆ.

ಕೊನೇಲಿ ಟೆಸ್ಟ್. ತಪ್ಪು ಮೆಮೊರಿ ಬಳಕೆ ಹಿಡಿಯೋ ಕೆಸಾನ್ ಆನ್ ಮಾಡಿದ ಕರ್ನಲನ್ನ ವರ್ಚುವಲ್ ಮಷೀನ್‌ನಲ್ಲಿ ಬೂಟ್ ಮಾಡಿ, ಡಿಬಗ್_ಕೆಆಬ್ಜೆಕ್ಟ್_ರಿಲೀಸ್ ಕಾನ್ಫಿಗ್ ಕೂಡ ಹಾಕಿ, ಅದು ಕೆಆಬ್ಜೆಕ್ಟ್ ರಿಲೀಸನ್ನ ಬೇಕಂತಲೇ ತಡ ಮಾಡಿ ಬೇಗ ಫ್ರೀ ಮಾಡೋ ತಪ್ಪುಗಳನ್ನ ಹೊರಗೆ ಹಾಕತ್ತೆ. ಒಂದು ಶೆಲ್‌ನಲ್ಲಿ ಬಿಡುವಿಲ್ಲದೆ ಓಪನ್ ಕ್ಲೋಸ್ ಮಾಡೋ ಲೂಪ್, ಇನ್ನೊಂದರಲ್ಲಿ ಮಾಡ್‌ಪ್ರೋಬ್ (ಲೋಡ್) ಮತ್ತು ಮಾಡ್‌ಪ್ರೋಬ್ -ಆರ್ (ಅನ್‌ಲೋಡ್) ಲೂಪ್, ಮೂರನೇದರಲ್ಲಿ ಬೈಂಡ್ ಅನ್‌ಬೈಂಡ್. ಬಳಕೆಯಲ್ಲಿದೆ ಅನ್ನೋ ಎರರ್‌ಗಳು, ಡಿವೈಸ್ ಇಲ್ಲ ಅನ್ನೋ ಎರರ್‌ಗಳು ಸಾಲುಸಾಲಾಗಿ ಬರ್ತವೆ, ಬರ್ಲಿ, ಅವು ಸರಿಯಾದ ಉತ್ತರಗಳೇ. ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ಕೆಸಾನ್ ಒಂದು ಸಾಲು ಬರೆದ್ರೂ ನಿಲ್ಲಿಸಿ ಹಂತ 5ಕ್ಕೆ ವಾಪಸ್ ಹೋಗಿ, ರಾತ್ರಿಯಿಡೀ ಓಡಿ ಲಾಗ್ ಶುಭ್ರವಾಗಿದ್ರೆ ಆ ಡ್ರೈವರನ್ನ ಬೇರೆಯವರ ಮಷೀನ್‌ಗೆ ಕೊಡಬಹುದು.